ಮುತ್ಯಾನ ಎಡಗೈ

ತೀರಿಹೋದ ಅಜ್ಜನಿಗೆ, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾನಿಗೆ, ಮೊಮ್ಮಗಳು ಅವಮಾನ ಮಾಡಿದಳು, ಅಜ್ಜಿ ಮೊಮ್ಮಗಳ ಮುಖ ನೋಡಿ ಸುಮ್ಮನಾದಳು ಎಂದು ನಮ್ಮ ಓಣಿಯಲ್ಲಿ ಈಗಲೂ ಹೇಳುವವರಿದ್ದಾರೆ. ಎರಡೂ ಸುಳ್ಳು. ಆದದ್ದು ಇಷ್ಟೇ: ಹುಡುಗಿ ಮುತ್ಯಾನ ಚಿತ್ರ ಬರೆದಳು, ಎಡಗೈ ತಪ್ಪು ಬರೆದಳು, ಅಜ್ಜಿಯಾದ ನಾನು ತೋರಿಸಿಕೊಟ್ಟೆ, ಅವಳು ತಿದ್ದಿದಳು. ಇದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ. ಆದರೆ ಇಷ್ಟು ನಡೆಯುವುದರೊಳಗೆ ನಮ್ಮ ಮನೆಯಲ್ಲಿ ಎರಡು ದಿನ ಯಾರೂ ನೆಟ್ಟಗೆ ಉಣ್ಣಲಿಲ್ಲ.

ಆ ಎಡಗೈಯ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ನನ್ನಷ್ಟು ತಿಳಿದವರು ಈಗ ಯಾರೂ ಉಳಿದಿಲ್ಲ. ನಮ್ಮ ಯಜಮಾನರಿಗೆ ಸಾಂಗಲಿಯ ಪೇಟೆಯಲ್ಲಿ ಘಾಸಲೇಟಿನ ಅಂಗಡಿ ಇತ್ತು. ಸೀಮೆಎಣ್ಣೆಗೆ ನಮ್ಮ ಕಡೆಯವರು ಹಾಗೆ ಅನ್ನುತ್ತಾರೆ. ಮಿರಜಿನ ಮನೆಯಿಂದ ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ತನಕ ಬಲಗೈಯಲ್ಲಿ ಅಳೆಯುವ ಮಾಪು, ಎಡಗೈಯಲ್ಲಿ ಲಾಳಿಕೆ. ಜನ ತಂದ ಬಾಟಲಿ, ಡಬ್ಬಿ, ಕ್ಯಾನುಗಳ ಬಾಯಿಗೆ ಲಾಳಿಕೆ ಇಟ್ಟು ಸುರಿಯುವುದು, ಅಂಚಿಗೆ ಉಳಿದ ನಾಲ್ಕು ಹನಿ ಅಂಗೈಗೆ ಇಳಿಯುವುದು, ಅದನ್ನು ಧೋತರಕ್ಕೆ ಒರೆಸಿಕೊಳ್ಳುವುದು, ಮತ್ತೆ ಸುರಿಯುವುದು. ನಲವತ್ತು ವರ್ಷ ಹೀಗೆ ಇಳಿದರೆ ಆ ಅಂಗೈ ಏನಾಗಬೇಕು ನೀವೇ ಹೇಳಿ. ಅದೇ ಎಡಗೈಯಲ್ಲಿಯೇ ಬೆಳಿಗ್ಗೆ ಇಷ್ಟಲಿಂಗ ಇಟ್ಟುಕೊಂಡು ಪೂಜೆ. ಲಿಂಗಪೂಜೆಗೆ ಎಡಗೈಯೇ ಪೀಠ, ಅದನ್ನು ಬದಲಿಸಲು ಬರುವುದಿಲ್ಲ. ಹಾಗಾಗಿ ದಿನಾ ಏಳುತ್ತಲೇ ಬಚ್ಚಲಲ್ಲಿ ಕುಳಿತು ಅಂಟುವಾಳಕಾಯಿ ಹಾಕಿ ತಿಕ್ಕುವರು, ಒಲೆಯ ಬೂದಿ ಹಾಕಿ ತಿಕ್ಕುವರು, ಕೊನೆಗೆ ನಿಂಬೆಹಣ್ಣಿನ ಸಿಪ್ಪೆ. ತಿಕ್ಕಿ ತಿಕ್ಕಿ ಅಂಗೈಯ ರೇಖೆಗಳು ಮಾಸಿದವೇ ಹೊರತು ವಾಸನೆ ಹೋಗಲಿಲ್ಲ. ಒಂದು ದಿನ ನನಗೇ ಬೇಸರವಾಗಿ, "ಎಷ್ಟ ತಿಕ್ಕತೀರಿ, ಚರ್ಮಾ ಹರದೀತು," ಅಂದೆ. ಕೈ ಮೂಸಿ ನೋಡಿಕೊಂಡು, "ಇರ್ಲಿ ಬಿಡ, ಶಿವಗೂ ಈ ವಾಸನಿ ರೂಢಿ ಆಗಿರ್ತೈತಿ," ಅಂದರು. ಆದರೂ ಮರುದಿನ ಮತ್ತೆ ಅಷ್ಟೇ ತಿಕ್ಕಿದರು.

ಇನ್ನು ಮೊಮ್ಮಗಳು. ಮಾನಸಿ ನನ್ನ ಮಗ ಬಸವರಾಜನ ಒಬ್ಬಳೇ ಮಗಳು. ಚಿತ್ರಕಲೆ ಕಲಿತಿದ್ದಾಳೆ, ಮಿರಜಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಾಳೆ, ಮಧ್ಯಾಹ್ನ ಮನೆಗೆ ಬಂದವಳೇ ಹಿತ್ತಲಿನ ತಗಡಿನ ಶೆಡ್ಡು ಹೊಗುತ್ತಾಳೆ. ಅವಳ ಚಿತ್ರಗಳಲ್ಲಿ ಯಾವುದೂ ತನ್ನ ಜಾಗದಲ್ಲಿ ಇರುವುದಿಲ್ಲ. ಕಬ್ಬಿನ ಹೊಲ ಎಂದು ಹತ್ತಿರ ಹೋದರೆ ಜಲ್ಲೆಗಳೆಲ್ಲ ಪೆಟ್ರೋಲ್ ಪಂಪಿನ ಕರಿ ಕೊಳವೆಗಳು, ತುದಿಗೆ ಮಾತ್ರ ಹಸಿರು ಗರಿ. ನಮ್ಮ ಮಿರಜಿನಲ್ಲಿ ಮಾಡುವ ಸಿತಾರಿನಲ್ಲಿ ಸೋರೆಬುರುಡೆ ಇರಬೇಕಾದ ಕಡೆ ಡೀಸೆಲ್ಲಿನ ಬ್ಯಾರಲ್ಲು. ಬಾರಿಸುವವನ ಬೆರಳ ತುದಿಯಿಂದ ತೊಟ್ಟಿಕ್ಕುವುದು ಎಣ್ಣೆ. ಇನ್ನೊಂದರಲ್ಲಿ ಮನೆಮಂದಿಯೆಲ್ಲ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದಾರೆ, ಎದೆಮಟ್ಟ ನೀರು, ತಾಟುಗಳು ತೇಲುತ್ತಿವೆ, ಬಡಿಸುವ ಮುದುಕಿ ಮಾತ್ರ ಇನ್ನಷ್ಟು ಸಾರು ಬೇಕೇನು ಎಂದು ಬಗ್ಗಿದ್ದಾಳೆ. ಆ ಮುದುಕಿ ಯಾರೆಂದು ನಾನು ಕೇಳಲಿಲ್ಲ. ಹೊಳೆ ಉಕ್ಕಿ ಮಹಾಪೂರ ಬಂದ ವರ್ಷ ನೀರು ಸಾಂಗಲಿಯ ಕೆಳಗಿನ ಪೇಟೆಯನ್ನೆಲ್ಲ ಹೊಕ್ಕಿತು ಎಂಬ ಸುದ್ದಿ ಬಂದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ, ಹಾಕಿ ಮುಗಿಸಿದೆ.

ಈ ಬಗೆಗೆ ಒಂದು ಇಂಗ್ಲಿಷ್ ಹೆಸರಿದೆ, ಸರ್ರಿಯಲಿಸಂ. ಕನಸಿನಲ್ಲಿ ಕಂಡಂತೆ ಬರೆಯುವುದು ಎಂದು ಮಾನಸಿ ಬಿಡಿಸಿ ಹೇಳಿದಳು. ನನಗೆ ಕನಸು ಬೀಳುವುದು ಕಡಿಮೆ, ಬಿದ್ದರೂ ಅದರಲ್ಲಿ ಹಾಲು ಉಕ್ಕುವುದೇ ಮೊದಲಾದ ಮನೆಯ ಕೆಲಸಗಳೇ ಇರುತ್ತವೆ. ಆದರೆ ಅವಳು ಹೇಳಿದ್ದು ನನಗೆ ಬೇರೆ ದಾರಿಯಿಂದ ತಿಳಿಯಿತು. ನನ್ನ ತವರು ಆರಗದಲ್ಲಿ ನಾವು ಸಣ್ಣವರಿದ್ದಾಗ ಒಡಪು, ಅಂದರೆ ಒಗಟು, ಹಾಕಿಕೊಂಡು ಆಡುತ್ತಿದ್ದೆವು. ಹೊಟ್ಟೆಯೊಳಗೆ ನೀರು, ನೆತ್ತಿಯ ಮೇಲೆ ಬೆಂಕಿ, ಯಾರವಳು ಎಂದರೆ ಚಿಮಣಿ ದೀಪ. ಒಡಪು ಕೇಳಿದಾಗ ಕಣ್ಣಿಗೆ ಕಾಣುವುದು ತಲೆ ಹೊತ್ತಿಕೊಂಡ ಬಸುರಿ ಹೆಂಗಸು. ಬಿಡಿಸಿದ ಮೇಲೆ ದೀಪ ದೀಪವೇ, ಆದರೆ ಒಮ್ಮೆ ಹಾಗೆ ಕಂಡ ದೀಪವನ್ನು ಮತ್ತೆ ಬರೀ ದೀಪವಾಗಿ ನೋಡಲು ಆಗುವುದಿಲ್ಲ. ಮಾನಸಿ ಮಾಡುವುದೂ ಅದನ್ನೇ. ಒಡಪಿಗೆ ಉತ್ತರ ಇರುತ್ತದೆ, ಇವಳ ಚಿತ್ರಕ್ಕೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಚಿತ್ರಕ್ಕಿಂತ ಮೊದಲು ನಾನು ಮೆಚ್ಚಿದ್ದು ಅವಳ ದುಡಿಮೆಯನ್ನು. ಕಪ್ಪು ಬಣ್ಣವನ್ನು ಅವಳು ಅಂಗಡಿಯಿಂದ ತರುವುದಿಲ್ಲ. ಲಾರಿ ದುರಸ್ತಿಯ ಗ್ಯಾರೇಜುಗಳಿಗೆ ಹೋಗಿ ಸೈಲೆನ್ಸರಿನ ಒಳಗಿನ ಮಸಿ ಕೆರೆದು ತರುತ್ತಾಳೆ. ಟ್ರ್ಯಾಕ್ಟರಿನದು ಬೇರೆ ಡಬ್ಬಿ, ಮದುವೆ ಹಾಲಿನ ಜನರೇಟರಿನದು ಬೇರೆ ಡಬ್ಬಿ. ನನಗೆ ಎಲ್ಲ ಕರಿ ಒಂದೇ. ಅವಳು ಮೂರನ್ನೂ ಒಂದು ಹಲಗೆಯ ಮೇಲೆ ಎಳೆದು ತೋರಿಸಿದಾಗ ಲಾರಿಯ ಕಪ್ಪು ಸ್ವಲ್ಪ ಕಂದು, ಟ್ರ್ಯಾಕ್ಟರಿನದು ಒಣ ಬೂದಿಯ ಹಾಗೆ, ಜನರೇಟರಿನದು ಕಣ್ಣಿನ ಕಾಡಿಗೆಯಂತೆ ಮಿಂಚುವಂಥದು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಒರಳಲ್ಲಿ ಅರೆಯುತ್ತಾಳೆ, ಗೋಂದು ಬೆರೆಸುತ್ತಾಳೆ, ಸೋಸುತ್ತಾಳೆ, ಮತ್ತೆ ಅರೆಯುತ್ತಾಳೆ. ಚಟ್ನಿ ಅರೆಯಲು ಹೇಳಿದರೆ ಮಿಕ್ಸರ್ ಕಡೆ ಕೈ ಮಾಡುವ ಹುಡುಗಿ ಇದು. ಒಬ್ಬ ಮನುಷ್ಯ ತಾನು ಮಾಡುವ ಕೆಲಸವನ್ನು ಅಷ್ಟು ಒಪ್ಪವಾಗಿ ಮಾಡುತ್ತಿದ್ದರೆ ಆ ಕೆಲಸ ಏನೇ ಇರಲಿ, ನಿಂತು ನೋಡಬೇಕೆನ್ನಿಸುತ್ತದೆ. ನಾನು ಸ್ಟೂಲು ಹಾಕಿಕೊಂಡು ಕುಳಿತು ನೋಡುತ್ತಿದ್ದೆ.

ಹಾಗೆ ಕುಳಿತ ಒಂದು ಮಧ್ಯಾಹ್ನವೇ ಆ ಮಾತು ಬಂದದ್ದು. ಮಾನಸಿಯ ಮಾತಿನಲ್ಲಿ ಅರ್ಧ ಮರಾಠಿ. ಓದುವವರಿಗೆ ತೊಂದರೆ ಯಾಕೆಂದು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಅಜ್ಜಿ, ಮುತ್ಯಾನ ಘಾಸಲೇಟ ಎಲ್ಲಿಂದ ಬರ್ತಿತ್ತು, ಗೊತ್ತೈತಿ?"

"ಟ್ಯಾಂಕರಿನಾಗ."

"ಅದಕ್ಕಿಂತ ಮೊದ್ಲ?"

"ಮುಂಬೈಯಿಂದ."

"ಅದಕ್ಕಿಂತ ಮೊದ್ಲ?"

"ಅದಕ್ಕಿಂತ ಮೊದ್ಲಿಂದು ನಿಮ್ಮ ಮುತ್ಯಾನೂ ಕೇಳಿದ್ದಿಲ್ಲ. ಗಿರಾಕಿ ನಿಂತಿರ್ತಿದ್ರು."

ಅವಳು ಅರೆಯುತ್ತಲೇ ಹೇಳಿದಳು. ಮನುಷ್ಯ ಹುಟ್ಟುವುದಕ್ಕಿಂತ ಎಷ್ಟೋ ಮೊದಲು ಸಮುದ್ರದಲ್ಲಿ ಸಣ್ಣ ಸಣ್ಣ ಜೀವಗಳಿದ್ದವು, ಕಣ್ಣಿಗೆ ಕಾಣದಷ್ಟು. ಅವು ಸತ್ತು ತಳಕ್ಕೆ ಕೂತವು, ಮೇಲೆ ಕೆಸರು ಬಿತ್ತು, ಕೆಸರು ಕಲ್ಲಾಯಿತು, ಆ ಭಾರಕ್ಕೆ, ಆ ಕಾವಿಗೆ, ಅವೇ ಎಣ್ಣೆಯಾದವು. ಕಲ್ಲಿದ್ದಲಂತೂ ಹೂತುಹೋದ ಅಡವಿಯೇ. ಹೊತ್ತಿಸಿದಾಗ ಬರುವ ಹೊಗೆ ಆಕಾಶಕ್ಕೆ ಕಂಬಳಿ ಹೊದಿಸುತ್ತದೆ, ಭೂಮಿ ಬೆವರುತ್ತದೆ, ಮಳೆ ಹಾದಿ ತಪ್ಪುತ್ತದೆ. ಮಳೆ ಹಾದಿ ತಪ್ಪಿದ್ದನ್ನು ಅವಳು ಹೇಳಬೇಕಿರಲಿಲ್ಲ. ಮೃಗಶಿರೆಯ ಮಳೆ ಮೃಗಶಿರೆಗೇ ಬರುವುದನ್ನು ನೋಡಿದ ಕಣ್ಣು ನನ್ನದು, ಈಗ ದ್ರಾಕ್ಷಿ ಕೊಯ್ಯುವ ಹೊತ್ತಿಗೆ ಆಲಿಕಲ್ಲು ಬೀಳುವುದನ್ನೂ ನೋಡುತ್ತಿದೆ. ನನ್ನ ಕಿವಿ ನಿಂತದ್ದು ಬೇರೆ ಕಡೆ.

"ಅಂದ್ರ ಅದು ಹೂತದ್ದು," ಅಂದೆ.

"ಹೂಂ. ಹೂತದ್ದು."

"ಹೂತದ್ದನ್ನ ಅಗದು ತಗದು ಸುಡಾಕತ್ತೀವಿ."

ಅವಳ ಕೈ ನಿಂತಿತು. ನನ್ನ ಮುಖ ನೋಡಿ, "ಅಜ್ಜಿ, ಇದನ್ನ ನಾ ಮೂರು ವರ್ಷದಿಂದ ಓದಾಕತ್ತೇನಿ. ಯಾರೂ ಹಿಂಗ ಹೇಳಿದ್ದಿಲ್ಲ," ಅಂದಳು.

ಹೇಳುವುದೇನು ಬಂತು. ನಾವು ಲಿಂಗಾಯತರು, ಸತ್ತವರನ್ನು ಸುಡುವವರಲ್ಲ, ಮಣ್ಣಿಗೆ ಕೊಡುವವರು. ಕುಳಿ ತೋಡಿ, ಒಳಗೆ ಗೂಡು ಕೊರೆದು, ಮುಖ ಯಾವ ದಿಕ್ಕಿಗೆ ಇರಬೇಕೆಂದು ನೋಡಿ, ಪೂಜೆಗೆ ಕುಳಿತಂತೆ ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಮುಚ್ಚುತ್ತೇವೆ. ಮುಚ್ಚಿದ ಮೇಲೆ ಅದು ಮುಗಿಯಿತು; ಅಲ್ಲಿ ಗುದ್ದಲಿ ಹಾಕುವ ಮಾತನ್ನು ಸಿಟ್ಟಿನಲ್ಲೂ ಯಾರೂ ಆಡುವುದಿಲ್ಲ. ಸಮಾಧಿಯ ಮೇಲೆ ತಪ್ಪಿ ಕಾಲಿಟ್ಟರೆ ಮೂರು ಸಲ ಕೈ ಮುಗಿಯುತ್ತಿದ್ದ ನಮ್ಮ ಯಜಮಾನರು ನಲವತ್ತು ವರ್ಷ ಯಾರ ಯಾರನ್ನು ಅಳೆದು ಮಾರಿದರು ಎಂದು ಅವರಿಗೇ ಗೊತ್ತಿರಲಿಲ್ಲ. ಇದರಲ್ಲಿ ಅವರ ತಪ್ಪಿದೆ ಎಂದು ನಾನು ಹೇಳುವುದಿಲ್ಲ. ಆ ಎಣ್ಣೆಯ ದೀಪದಲ್ಲಿ ಬಸವರಾಜ ಓದಿದ, ಆ ಎಣ್ಣೆಯ ಸ್ಟೋವಿನ ಮೇಲೆ ಊರಿಗೆ ಊರೇ ಅನ್ನ ಬೇಯಿಸಿಕೊಂಡಿತು. ಹೊಟ್ಟೆ ತುಂಬಿದ ಮೇಲೆ ಒಲೆಯನ್ನು ಬೈಯುವುದು ಸುಲಭ. ಆದರೆ ಗೊತ್ತಾದ ಮೇಲೆ ಗೊತ್ತಿಲ್ಲದವರ ಹಾಗೆ ಇರಲು ಬರುವುದಿಲ್ಲ. ಆ ದಿನದಿಂದ ಗ್ಯಾಸ್ ಹಚ್ಚುವಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ನಿಂತು ಹಚ್ಚುತ್ತದೆ. ಹಚ್ಚದೆ ಏನು ಮಾಡುವುದು, ಮನೆಯಲ್ಲಿ ಉಣ್ಣುವ ಮಂದಿ ಇದ್ದಾರೆ.

ಮಾನಸಿ ದೊಡ್ಡ ಚಿತ್ರ ಹಿಡಿದದ್ದು ಆಮೇಲೆ. ಸಾಂಗಲಿಯ ಒಂದು ಸಭಾಗೃಹದಲ್ಲಿ ಹತ್ತು ಮಂದಿ ಕಲಾವಿದರ ಪ್ರದರ್ಶನ ಇತ್ತು. ಅವರಲ್ಲಿ ಇವಳನ್ನೂ ಆರಿಸಿದ್ದರು. ಇಷ್ಟು ವರ್ಷ ಶೆಡ್ಡಿನ ಗೋಡೆಗೆ ಒರಗಿ ನಿಂತ ಚಿತ್ರಗಳು ಮೊದಲ ಸಲ ನಾಲ್ಕು ಜನ ನೋಡುವ ಕಡೆ ಹೋಗುವುದಿತ್ತು. ಬರೆಯಲು ಅವಳು ಆರಿಸಿಕೊಂಡದ್ದು ಒಂದು ಬಾಗಿಲು. ನಮ್ಮ ಅಂಗಡಿಯ ಹಳೆಯ ತೇಗದ ಕದ.

ಆ ಕದದ ಕತೆಯನ್ನೂ ಹೇಳಬೇಕು. ಯಜಮಾನರ ನಂತರ ಬಸವರಾಜ ಅದೇ ಅಂಗಡಿಯಲ್ಲಿ ಇಂಜಿನ್ ಆಯಿಲ್, ಗ್ರೀಸು ಮಾರಲು ಸುರುಮಾಡಿದ. ಮಹಾಪೂರದ ವರ್ಷ ನೀರು ಏರುತ್ತಿದೆ, ಬ್ಯಾರಲ್ಲುಗಳನ್ನು ಎತ್ತರಕ್ಕೆ ಸಾಗಿಸು ಎಂದು ಪೇಟೆಯವರು ಹೇಳಿದಾಗ, ಹಿಂದಿನ ಪೂರದಲ್ಲಿ ನೀರು ಎರಡನೆಯ ಮೆಟ್ಟಿಲಿಗೆ ನಿಂತಿತ್ತು, ಈ ಸಲವೂ ಅಷ್ಟೇ ಎಂದ. ಈ ಸಲ ನೀರು ಬಾಗಿಲಿನ ನೆತ್ತಿ ಮುಟ್ಟಿತು. ಬ್ಯಾರಲ್ಲುಗಳು ತೇಲಿ ಒಂದಕ್ಕೊಂದು ಬಡಿದು ಬಾಯಿ ಬಿಟ್ಟವು. ನೀರು ಇಳಿದಾಗ ಆ ಓಣಿಯ ಗೋಡೆಗಳಿಗೆಲ್ಲ ಕರಿ ಪಟ್ಟಿ. ಯಾರೂ ಅವನ ಎದುರಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಸಾಂಗಲಿಯ ನೀರು ಕೆಳಗೆ ಮಿರಜಿಗೇ ಬರುವುದು. ಹೊಳೆಯ ಕಡೆಗಿರುವ ನಮ್ಮ ರುದ್ರಭೂಮಿಯ ಮೇಲೆ ನಾಲ್ಕು ದಿನ ನೀರು ನಿಂತು, ಇಳಿದ ಮೇಲೆ ಯಜಮಾನರ ಸಮಾಧಿಯ ಕಲ್ಲಿಗೂ ಅಂಥದೇ ಕರಿ ಪಟ್ಟಿ. ಅದು ನಮ್ಮ ಎಣ್ಣೆಯೋ ಬೇರೆಯವರದೋ ಯಾರು ಹೇಳಬೇಕು, ಎಣ್ಣೆಗೆ ಹೆಸರು ಬರೆದಿರುವುದಿಲ್ಲ. ಆದರೆ ಅಂದು ಶಾಲೆಗೆ ಹೋಗುತ್ತಿದ್ದ ಮಗಳನ್ನು ಕರೆದುಕೊಂಡು ಅದನ್ನು ನೋಡಿ ಬಂದ ಬಸವರಾಜ ಮತ್ತೆ ಆ ಕಡೆ ಹೋದವನಲ್ಲ. ನೀರು ಕುಡಿದು ಉಬ್ಬಿ ಮುಚ್ಚಲು ಬಾರದ ಕದವನ್ನು ತೆಗೆಸಿ ಶಟರು ಹಾಕಿಸಿದ. ಕದ ನಮ್ಮ ಹಿತ್ತಲಿಗೆ ಬಂದು ಬಿದ್ದಿತ್ತು.

ಆ ಕದದ ಮೇಲೆ ಹುಡುಗಿ ಆರು ತಿಂಗಳು ಬರೆದಳು. ಎಲ್ಲಕ್ಕಿಂತ ಮೇಲೆ ಒಂದು ಪುಟ್ಟ ಮನೆ, ಮನೆಯೊಳಗೆ ನೀಲಿ ಉರಿಯ ಒಲೆ. ಉಳಿದದ್ದೆಲ್ಲ ನೆಲದ ಕೆಳಗೆ. ಅಲ್ಲಿ ಪದರು ಪದರಾಗಿ ಸತ್ತವರು ಕುಳಿತಿದ್ದಾರೆ: ಮೀನು ಪದ್ಮಾಸನ ಹಾಕಿ ಕುಳಿತಿದೆ, ಹಲ್ಲಿಯಂಥ ದೊಡ್ಡ ಪ್ರಾಣಿ ಕಣ್ಣು ಮುಚ್ಚಿ ಕುಳಿತಿದೆ, ಮರಗಳು ಬೇರು ಮಡಚಿಕೊಂಡು ಕುಳಿತಿವೆ. ಎಲ್ಲವೂ ನಮ್ಮವರ ಹಾಗೆ, ಬೆನ್ನು ನೆಟ್ಟಗೆ. ಪ್ರತಿಯೊಂದರ ನೆತ್ತಿಯಿಂದ ಒಂದು ಬತ್ತಿ ಹೊರಟು ಮೇಲೇರಿ ಆ ಒಲೆಗೆ ಸೇರುತ್ತದೆ. ಅವುಗಳ ನಡುವೆ ಯಜಮಾನರು, ಹಣೆಗೆ ವಿಭೂತಿ, ಮಡಿಲಲ್ಲಿ ಚಾಚಿದ ಎಡಗೈ, ಅಂಗೈಯಲ್ಲಿ ನೆಟ್ಟಗೆ ನಿಂತ ಲಾಳಿಕೆ.

ಸಾಗಿಸಲು ಎರಡು ದಿನ ಇರುವಾಗ ನನ್ನ ಮೈದುನ ಶಿವಪ್ಪ ಬಂದ. ಯಜಮಾನರ ಚಿಕ್ಕಪ್ಪನ ಮಗ, ಬರುವುದು ಚಹಾಕ್ಕೆ, ಹೋಗುವುದು ಜಗಳ ಹಚ್ಚಿ. ಹಿತ್ತಲಿಗೆ ಹೋದವನು ಕಣ್ಣು ಅಗಲಿಸಿಕೊಂಡು ಒಳಗೆ ಬಂದ.

"ವೈನಿ, ನಮ್ಮ ಅಣ್ಣಾನ್ನ ಸಮಾಧಿಯೊಳಗ ಘಾಸಲೇಟ ಮಾರಾಕ ಕುಂದ್ರಿಸ್ಯಾಳಲ್ಲರಿ ಈಕಿ."

"ಮ್ಯಾಲಿದ್ದಾಗ ಮಾರಿದ್ರಲ್ಲ. ಆಗ ಉದ್ರಿ ಒಯ್ಯಾಕ ನೀನೂ ಬರ್ತಿದ್ದಿ."

"ಚೇಷ್ಟಿ ಅಲ್ರಿ ಇದು. ಲಿಂಗ ಇರೂ ಜಾಗಾದಾಗ ಲಾಳಿಕಿ ಅದ. ಸಾಂಗಲಿ ಮಂದಿ ನೋಡಿ ಏನಂದಾರು? ಬಸು, ನೀ ಅಪ್ಪನ ಮಗಾ ಹೌದಲ್ಲೋ?"

ಬಸವರಾಜ ಅಲ್ಲಿಯತನಕ ಆ ಚಿತ್ರವನ್ನು ನೋಡಿರಲಿಲ್ಲ. ಕದ ಇಟ್ಟ ಕಡೆ ಅವನು ಹೋಗುವುದೇ ಇಲ್ಲ. ಅಂದು ಹೋದ. ಬಂದು ಮಗಳಿಗೆ ಹೇಳಿದ್ದು ಒಂದೇ ಮಾತು, "ಇದು ಮನಿ ಬಿಟ್ಟ ಹೊರಗ ಹೋಗೂದಿಲ್ಲ."

"ಪಪ್ಪಾ, ಬಾಕಿ ಎಲ್ಲಾ ಚಿತ್ರ ಇದರ ಸುತ್ತ ಹಚ್ಚೂವು."

"ಹಂಗಾದ್ರ ಬಾಕೀವೂ ಬ್ಯಾಡ."

"ಆತು," ಅಂದಳು ಹುಡುಗಿ. "ಇದು ಹೋಗ್ಲಿಲ್ಲಂದ್ರ ನಾ ಯಾವ್ದೂ ಕಳಸೂದಿಲ್ಲ. ಇನ್ನ ಮುಂದನೂ ಇಲ್ಲ."

ಅಳಲಿಲ್ಲ, ಬಾಗಿಲು ಬಡಿಯಲಿಲ್ಲ. ಒರಳು ತೊಳೆದು ಬೋರಲು ಹಾಕಿದಳು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಅಳುವವರು ಮತ್ತೆ ಕೆಲಸಕ್ಕೆ ಕೂಡುತ್ತಾರೆ. ಸಾಮಾನು ತೊಳೆದಿಡುವವರು ಕೂಡುವುದಿಲ್ಲ. ಆರು ತಿಂಗಳು ನಾನು ಸ್ಟೂಲಿನ ಮೇಲಿಂದ ನೋಡಿದ ಆ ಕೈ ಅಲ್ಲಿಗೇ ನಿಲ್ಲುವುದಿತ್ತು.

ಮರುದಿನ ಅವಳನ್ನು ಕರೆದುಕೊಂಡು ಶೆಡ್ಡಿಗೆ ಹೋದೆ, ಚಾಳೀಸು ಕನ್ನಡಕ ಹಾಕಿಕೊಂಡು ಕದದ ಎದುರಿಗೆ ಕುಳಿತೆ. ದೂರದಿಂದ ನೋಡಿದ್ದೇ ಬೇರೆ, ಹತ್ತಿರದಿಂದಲೇ ಬೇರೆ. ಮುಖ ಅವರದೇ, ಹೇಳಿದ್ದು ಅರ್ಧ ಕೇಳಿಸಿದಾಗ ಒಂದು ಹುಬ್ಬು ಏರುತ್ತಿತ್ತಲ್ಲ, ಅದು ಸಹ ಇದೆ. ಇಷ್ಟನ್ನು ಇವಳು ಎಲ್ಲಿಂದ ತಂದಳು ಎಂದು ಬೆರಗಾಯಿತು; ಅವರು ಹೋದಾಗ ಇವಳು ಐದು ವರ್ಷದ ಕೂಸು. ಆದರೆ ಕೈ ಮಾತ್ರ ಅವರದಲ್ಲ. ಬೆಳ್ಳಗೆ, ಮೆತ್ತಗೆ, ದೇವರ ಪಟದಲ್ಲಿ ಇರುವಂಥ ಕೈ.

"ಇದು ಯಾರ ಕೈ?" ಕೇಳಿದೆ.

"ಮುತ್ಯಾಂದು."

"ಅಲ್ಲ. ನಾ ತೊಳದೇನಿ ಆ ಕೈ. ಕಡೀಕ ತೊಳದಾಕಿ ನಾನ."

ಅವಳಿಗೆ ಹೇಳಿದೆ. ಅವರು ಹೋದ ದಿನ, ಮೈ ತೊಳೆಸುವಾಗ, ಎಡಗೈ ಮಾತ್ರ ನನಗೆ ಕೊಡಿರಿ ಎಂದು ನಾನು ಕೇಳಿಕೊಂಡದ್ದು. ಅಂಟುವಾಳಕಾಯಿ, ಬೂದಿ, ನಿಂಬೆಸಿಪ್ಪೆ, ಅದೇ ಕ್ರಮದಲ್ಲಿ ತಿಕ್ಕಿದ್ದು. ಆದರೂ ವಾಸನೆ ಇತ್ತು. ಆ ವಾಸನೆಯ ಅಂಗೈಯ ಮೇಲೆಯೇ ಲಿಂಗ ಇಟ್ಟು ಮಣ್ಣು ಕೊಟ್ಟರು. ಲಾಳಿಕೆ ಅಂಗಡಿಯಲ್ಲಿ ಮೊಳೆಗೆ ತೂಗುಹಾಕಿತ್ತು.

"ಅಜ್ಜಿ, ಇದು ಕನಸಿನ ಚಿತ್ರ," ಅಂದಳು. "ಇದ್ದದ್ದು ಇದ್ದಂಗ ಬರಿಯೂದಲ್ಲ."

"ಕನಸು ಬರಿ, ಯಾರ ಬ್ಯಾಡ ಅಂದಾರ. ಮೀನಕ್ಕ ಪದ್ಮಾಸನ ಹಾಕ್ಸಿದಿ, ನಾ ಏನರ ಅಂದೆನೇನು? ಮೀನ ಹೆಂಗ ಕುಂತಿತ್ತೋ ನೋಡಿದವರಿಲ್ಲ. ಇವರನ್ನ ನೋಡಿದಾಕಿ ನಾ ಇದ್ದೇನಿ. ಸತ್ತವರ ಕೈಯಾಗಿಂದು ಕಸಗೊಂಡು ಬ್ಯಾರೇದು ಇಡಬ್ಯಾಡ. ಅದು ಕನಸಲ್ಲ, ಸುಳ್ಳು."

ಅಷ್ಟು ಹೇಳಿ ಎದ್ದೆ. ಅಟ್ಟದ ಮೇಲೆ ನನ್ನ ಹಳೆಯ ಘಾಸಲೇಟ ಸ್ಟೋವು ಇತ್ತು, ಇಳಿಸಿ ತಂದು ಅವಳ ಮುಂದೆ ಇಟ್ಟೆ. ಬರ್ನರಿನ ಒಳಗೆ ಒಂದು ಚಿಟಿಕೆ ಮಸಿ ಗಟ್ಟಿಯಾಗಿ ಕೂತಿತ್ತು. ಅವಳ ಡಬ್ಬಿಗಳಲ್ಲಿ ಲಾರಿಯದಿತ್ತು, ಟ್ರ್ಯಾಕ್ಟರಿನದಿತ್ತು, ಘಾಸಲೇಟಿನದು ಇರಲಿಲ್ಲ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬೋರಲು ಹಾಕಿದ ಒರಳನ್ನು ತಿರುವಿದಳು.

ಆ ದಿನದ ಅವಳ ಕೆಲಸವನ್ನು ನಾನು ಬದುಕಿರುವ ತನಕ ಮರೆಯುವುದಿಲ್ಲ. ಮೊದಲು ಪಾಲಿಷ್ ಕಾಗದ ಹಾಕಿ ಆ ಚೆಂದದ ಕೈಯನ್ನು ಕಟ್ಟಿಗೆ ಕಾಣುವ ತನಕ ಉಜ್ಜಿ ತೆಗೆದಳು. ಹದಿನೈದು ದಿನ ಕೂತು ಬರ್ದಿದ್ದೆ ಎಂದು ಬಾಯಿ ಬಿಡಲಿಲ್ಲ. ಆಮೇಲೆ ನನ್ನ ಕೈ ಹಿಡಿದು, ಬೆರಳು ಎಲ್ಲಿ ದಪ್ಪ ಇತ್ತು, ಉಗುರು ಹೇಗೆ ಒಡೆದಿತ್ತು, ಲಾಳಿಕೆಯ ಕೊರಳು ಒತ್ತಿ ಒತ್ತಿ ಗಂಟು ಬಿದ್ದದ್ದು ಯಾವ ಬೆರಳಿಗೆ ಎಂದು ನನ್ನದೇ ಅಂಗೈಯ ಮೇಲೆ ಮುಟ್ಟಿ ಮುಟ್ಟಿ ಕೇಳಿಕೊಂಡಳು. ಮಾಸಿದ ರೇಖೆಗಳನ್ನು ಬರೆಯಲಿಲ್ಲ, ಮಾಸಿದ್ದನ್ನು ಬರೆದಳು. ಅದು ಹೇಗೆ ಬರೆಯುತ್ತಾರೋ ನನಗೆ ತಿಳಿಯದು, ಕಣ್ಣಾರೆ ನೋಡಿದ್ದೇನೆ. ಸ್ಟೋವಿನ ಚಿಟಿಕೆ ಮಸಿ ಪೂರಾ ಆ ಅಂಗೈಗೇ ಹೋಯಿತು. ಅಂಗೈಯ ಮೇಲೆ ಲಿಂಗ.

ಇಷ್ಟು ನಾನು ಹೇಳಿದ್ದು. ಮುಂದಿನದು ಅವಳದೇ. ಅಂಗೈಯಿಂದ ತೆಗೆದ ಲಾಳಿಕೆಯನ್ನು ಅವಳು ಮೇಲೆ ತಂದಳು, ಮನೆಯ ಪಕ್ಕದಲ್ಲಿ ನೆಲಕ್ಕೆ ನೆಟ್ಟಳು. ಅದರ ಬಾಯಿಗೆ ಹೊಳೆಯ ಕೆಂಪು ನೀರು ಸುರಿಯುತ್ತಿದೆ, ನೀರಿನ ಮೇಲೆ ನವಿಲುಬಣ್ಣದ ಎಣ್ಣೆ. ಲಾಳಿಕೆಯ ಕೊರಳು ಮೀನು, ಹಲ್ಲಿ, ಮರಗಳನ್ನು ದಾಟಿ ಕೆಳಗೆ ಇಳಿದು ಯಜಮಾನರ ನೆತ್ತಿಯ ಮೇಲೆ ಒಂದು ಗೇಣು ಎತ್ತರಕ್ಕೆ ನಿಂತಿದೆ. ತುದಿಗೆ ಒಂದೇ ಹನಿ, ಇನ್ನೂ ಬಿದ್ದಿಲ್ಲ. ಜೀವಮಾನವೆಲ್ಲ ಅಳೆದು ಸುರಿದವರಿಗೆ ಈಗ ಹೊಳೆಯೇ ತಿರುಗಿ ಸುರಿಯುತ್ತಿದೆ. ನಾನು ಹೇಳಿದ ಒಂದು ತಪ್ಪನ್ನು ತಿದ್ದಲು ಹೊರಟು, ಯಾರೂ ಹೇಳದ ಒಂದು ನಿಜವನ್ನು ಈ ಹುಡುಗಿ ಕಂಡುಹಿಡಿದಳು. ಆಗ ನನಗೆ ಅರ್ಥವಾಯಿತು, ನಾನು ತಿಳಿದವಳೆಂದು ತೋರಿಸಲು ಹೋದದ್ದು ಕೈಯ ವಿಷಯದಲ್ಲಿ ಮಾತ್ರ. ಕೈ ಏನು ಮಾಡಿತು ಎಂಬುದು ಅವಳಿಗೇ ಹೆಚ್ಚು ತಿಳಿದಿದೆ.

ಸಂಜೆ ಬಸವರಾಜ ಅಂಗಡಿಯಿಂದ ಬಂದ. ನಾನು ಶೆಡ್ಡಿನ ಕಡೆ ಕೈ ತೋರಿಸಿದೆ. ಅವನು ಹೋಗಿ ಕೈಯನ್ನು ನೋಡಿದ, ಲಿಂಗ ನೋಡಿದ, ಆಮೇಲೆ ಕಣ್ಣು ನಿಧಾನವಾಗಿ ಮೇಲೇರಿ ಆ ನವಿಲುಬಣ್ಣದ ನೀರಿನ ಮೇಲೆ ನಿಂತಿತು. ಅವನ ಸಿಟ್ಟು ಲಾಳಿಕೆಯ ಮೇಲೆ ಎಂದೂ ಇರಲಿಲ್ಲ. ಶಿವಪ್ಪನಿಗೆ ಅದು ತಿಳಿಯಲಿಲ್ಲ. ಹೆತ್ತವಳಿಗೆ ತಿಳಿಯದೆ ಇರುತ್ತದೆಯೇ.

"ಅವ್ವಾ," ಅಂದ, "ಬ್ಯಾರಲ್ ನಾ ಎತ್ತಿಸಬೇಕಿತ್ತು."

"ಹೌದು, ಎತ್ತಿಸಬೇಕಿತ್ತು," ಅಂದೆ. ಇಲ್ಲಪ್ಪ, ನಿನ್ನ ತಪ್ಪಲ್ಲ ಎಂದು ಹೇಳಲು ನನಗೆ ಬರುವುದಿಲ್ಲ. ಅವನಿಗೂ ಅದು ಬೇಕಿರಲಿಲ್ಲ. ಚಿತ್ರ ಹೋಗಲಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೈಕಾಲು ತೊಳೆದುಕೊಂಡು ಎರಡು ರೊಟ್ಟಿ ತಿಂದ.

ಅವನು ಹೇಳದಿದ್ದರೆ ನಾನು ಹೇಳಬೇಕಾಯಿತು. ಮರುದಿನ ಬೆಳಿಗ್ಗೆ ಓಣಿಯ ಟೆಂಪೋ ರಫೀಕನನ್ನು ನಾನೇ ಕರೆಸಿದೆ. ಬೇರೆ ಚಿತ್ರಗಳನ್ನು ಏರಿಸಿ ಆದಮೇಲೆ ಅವನೂ ಮಾನಸಿಯೂ ಕದವನ್ನು ಹೊತ್ತು ತಂದರು. ರಫೀಕ ಟೆಂಪೋದ ತಳಕ್ಕೆ ಗೋಣಿಚೀಲ ಹಾಸಿ ಕದವನ್ನು ಅಡ್ಡ ಮಲಗಿಸಲು ಹೋದ.

"ಮಲಗಸಬ್ಯಾಡ," ಅಂದೆ.

"ಮಲಗಿಸಿದ್ರ ಅರಾಮ ಹೋಗ್ತೈತ್ರಿ ಅಮ್ಮಾ. ನಿಂದ್ರಿಸಿದ್ರ ಹಾದ್ಯಾಗ ಖಡ್ಡಾ ಬಂದಾಗ ಬೀಳ್ತೈತಿ."

"ಬಿದ್ರ ಹಿಡಕೊಳ್ಳಾಕ ಮಂದಿ ಇರ್ತಾರ. ಅವರು ಕುಂತ ಹೋಗಬೇಕು."

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮಂಟಪದಂಥ ವಿಮಾನ ಕಟ್ಟಿ, ಅದರಲ್ಲಿ ಕುಳ್ಳಿರಿಸಿ, ಊರು ನೋಡುತ್ತ ಹೋಗುವಂತೆ ಒಯ್ಯುತ್ತಾರೆ, ಮತ್ತು ಕುತ್ತಿಗೆ ವಾಲದಂತೆ ಹಿಂದಿನಿಂದ ಒಬ್ಬರು ಹಿಡಿದಿರಬೇಕು. ರಫೀಕ ಹಗ್ಗ ಹುಡುಕಿದ, ಮಾನಸಿ ಒಂದು ಅಂಚು ಹಿಡಿದು ನಿಂತಳು. ಒಬ್ಬಳ ಕೈಗೆ ನಿಲ್ಲುವ ಕದವಲ್ಲ ಅದು. ಬಸವರಾಜ ಅಂಗಡಿಗೆ ಹೊರಟವನು ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನೋಡುತ್ತ ನಿಂತಿದ್ದ. ಆಮೇಲೆ ಕೀಲಿ ಕಿಸೆಗೆ ಹಾಕಿದ, ಚಪ್ಪಲಿ ಕಳೆದ, ಟೆಂಪೋ ಏರಿ ಕದದ ಹಿಂದೆ ಹೋಗಿ ಎರಡೂ ಕೈ ಕೊಟ್ಟು ನಿಂತ. ಅಪ್ಪನ ವಿಮಾನದ ಹಿಂದೆಯೂ ಅವನೇ ನಿಂತಿದ್ದ. ಹೇಗೆ ಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಸೆರಗು ಸಿಕ್ಕಿಸಿ ಮುಂದಿನ ಸೀಟಿಗೆ ಏರಿದೆ.

"ಅಮ್ಮಾ, ನೀವ್ಯಾಕ ಸಾಂಗಲಿ ತನಕಾ ಬರ್ತೀರಿ, ಬಿಸಲ ಆಗ್ತೈತಿ," ಅಂದ ರಫೀಕ.

"ಅಲ್ಲಿ ಒಯ್ದು ಇಟ್ಟ ಮ್ಯಾಲ ಮುಖಾ ಯಾವ ಕಡೆ ಮಾಡಬೇಕು, ನಿನಗ ಗೊತ್ತೈತೇನು?"

"ಇಲ್ರಿ."

"ಮತ್ತ ಹೊಡಿ. ಸಾವಕಾಶ ಹೊಡಿ."